ಖಾಲಿ ಹೊಟ್ಟೆ

ನನ್ನ ಕೈಯಿಂದ ಸೌಟು ಕಿತ್ತುಕೊಳ್ಳಲು ಹೆತ್ತ ಮಗನೇ ದಾವಣಗೆರೆಯಲ್ಲಿ ದಿನ ಗೊತ್ತುಮಾಡಿ ಬಂದ. ಆಪರೇಷನ್ನಿಗೆ. ಕೇಳಿದರೆ, ನಿನ್ನ ಒಳ್ಳೇದಕ್ಕೇ ಅಮ್ಮೀ ಅನ್ನುತ್ತಾನೆ. ನನ್ನ ಒಳ್ಳೇದನ್ನು ನನ್ನನ್ನೊಂದು ಮಾತು ಕೇಳಿ ಮಾಡಬಾರದಿತ್ತೇ?

ಹೊನ್ನಾಳಿ ಸುತ್ತಮುತ್ತ ನಮ್ಮವರ ಮದುವೆಯೆಂದರೆ ಬಿರಿಯಾನಿಗೆ ಜಹಾನಾರಾನೇ ಬರಬೇಕು. ಆ ಜಹಾನಾರಾ ನಾನೇ. ಗಂಡ ತೀರಿದ ಮೇಲೆ ಈ ಸೌಟಿನಿಂದಲೇ ಶಾಹಿದ್‌ನನ್ನು ಓದಿಸಿದೆ, ಮದುವೆ ಮಾಡಿದೆ. ಕೆಲವು ವರ್ಷದಿಂದ ಎದೆ ಉರಿ. ಹುಳಿ ನೀರು ಗಂಟಲವರೆಗೆ ಉಕ್ಕಿ ಬರುತ್ತದೆ, ಮಲಗಿದರೆ ಕೆಮ್ಮು. ಹೊಟ್ಟೆ ಉರಿ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ನಾದಿನಿ ಹೊಸ ಮನೆ ಕಟ್ಟಿಸಿದ ವರ್ಷವೇ ಶುರುವಾಯಿತಲ್ಲ, ಓಣಿಯ ಜನ ಬೇರೆಯದೇ ಅರ್ಥ ಮಾಡಿಕೊಂಡು ನಕ್ಕರು. ಔಷಧಿ ಹೇಳದವರೇ ಇಲ್ಲ. ಒಬ್ಬರು ಜೀರಿಗೆ ಕಷಾಯ, ಒಬ್ಬರು ತಣ್ಣನೆ ಹಾಲು, ಸೋಡಾ ಕುಡಿ ಎಂದವರೂ ಇದ್ದಾರೆ. ಎಲ್ಲ ಕುಡಿದೆ. ಡಾಕ್ಟರು ಕೊಟ್ಟ ಗುಳಿಗೆಯನ್ನೂ ತಪ್ಪದೆ ನುಂಗಿದೆ. ಉರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ದಾವಣಗೆರೆಯ ದೊಡ್ಡ ಡಾಕ್ಟರು ಬಾಯಿಯಿಂದ ಕೊಳವೆ ಬಿಟ್ಟು ನೋಡಿದರು. ಗಾಬರಿಪಡುವಂಥದ್ದೇನೂ ಇಲ್ಲ, ಅನ್ನನಾಳದ ಕೆಳಗಿನ ಬಾಯಿ ಸಡಿಲವಾಗಿದೆ, ಗುಳಿಗೆಗೆ ಬಗ್ಗದಿದ್ದರೆ ಆಪರೇಷನ್ ಮಾಡಿ ಬಿಗಿ ಮಾಡಬಹುದು, ಯೋಚಿಸಿ ಹೇಳಿ ಎಂದರು. ಯೋಚಿಸಬೇಕಾದವಳು ನಾನು. ಯೋಚಿಸಿದವನು ಶಾಹಿದ್. ಗೋವಿನಕೋವಿಯ ಇಮಾಮ್‌ಸಾಬರ ಮಗಳ ಮದುವೆಯ ವಾರವೇ ದಿನ ಹಿಡಿದ. ಸಾಲದೆಂದು ಅವರಿಗೆ ಫೋನ್ ಮಾಡಿ, ಅಮ್ಮಿ ಇನ್ನು ಒಲೆ ಮುಂದೆ ನಿಲ್ಲುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೂ ಹೇಳಿಬಿಟ್ಟ.

"ನಾನೇನು ಸತ್ತೋದ್ನೇನೋ? ನನ್ನ ಕೆಲಸ ಊರಿಗೆ ಹಂಚಾಕೆ ನಿನಗೆ ಯಾರು ಹೇಳಿದ್ರು?" ಎಂದೆ.

"ನೀನು ಕೆಮ್ಮೋದು ಕೇಳಾಕಾಗಲ್ಲ ಅಮ್ಮೀ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಆಪರೇಷನ್ನಿಗೆ ಮುಂಚೆ ಬಿಪಿ, ಶುಗರ್ ನೋಡಿಸಲು ಹೊನ್ನಾಳಿಯಲ್ಲೇ ಡಾಕ್ಟರ್ ಉಷಾರಾಣಿಯವರ ಹತ್ತಿರ ಹೋದೆವು. ಶಾಹಿದ್ ಜೊತೆಗೆ ಸೊಸೆ ನಗ್ಮಾನೂ ಬಂದಿದ್ದಳು.

"ಗುಳಿಗೆ ಯಾವಾಗ ತಗಂತೀರಿ?" ಎಂದರು ಡಾಕ್ಟರಮ್ಮ.

"ಬೆಳಿಗ್ಗೆ, ಖಾಲಿ ಹೊಟ್ಟೆಗೆ ರೀ."

"ಅದಕ್ಕೂ ಮುಂಚೆ ಏನೂ ತಿನ್ನಲ್ಲ?"

"ಒಂದು ಕಾಳೂ ಇಲ್ಲ."

ನಗ್ಮಾ ನನ್ನ ಮುಖ ನೋಡಿದಳು. "ಚಾ ಕುಡೀತೀರಲ್ಲ ಅಮ್ಮೀ."

"ಚಾ ತಿನ್ನೋದಾ? ಅದು ಕುಡಿಯೋದು."

"ಅದರಾಗೆ ಟೋಸ್ಟ್ ಅದ್ಕಂತೀರಿ."

"ಟೋಸ್ಟು ಚಾದ ಲೆಕ್ಕ," ಎಂದೆ.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ತಟ್ಟೆಗೆ ಬಂದದ್ದು ನಾಷ್ಟಾ, ಲೋಟದಲ್ಲಿ ಅದ್ದಿದ್ದು ಚಾ. ನಮ್ಮ ಓಣಿಯಲ್ಲಿ ಚಾ, ಟೋಸ್ಟು ಆದಮೇಲೂ ಎಲ್ಲರೂ ಖಾಲಿ ಹೊಟ್ಟೆಯಲ್ಲೇ ಇರುತ್ತಾರೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನೀರು ಬಿಟ್ಟು ಬೇರೆ ಏನಾದರೂ ಬಾಯಿಗೆ ಬೀಳುವ ಮೊದಲು ಈ ಗುಳಿಗೆ ಹೋಗಬೇಕು, ಆಮೇಲೆ ಅರ್ಧ ಗಂಟೆ ಕಾಯಬೇಕು ಎಂದರು. ಮದುವೆ ಮನೆಯಲ್ಲಿ ಊಟ ಹೇಗೆ ಎಂದು ಕೇಳಿದರು. ಎಲ್ಲರೂ ಉಂಡೆದ್ದ ಮೇಲೆ ಅಡುಗೆಯವರು ಉಣ್ಣುವುದು, ಹಸಿದ ಹೊಟ್ಟೆಗೆ ಗಡದ್ದಾಗಿ ಹಾಕಿಕೊಂಡು ಅಲ್ಲೇ ಚಾಪೆ ಮೇಲೆ ಉರುಳುವುದು, ನಮ್ಮ ಪದ್ಧತಿ ಅದೇ ಎಂದೆ.

"ಆಪರೇಷನ್ ಕೆಟ್ಟದ್ದಲ್ಲ, ಬೇಕಾದೋರಿಗೆ ಬೇಕೇ ಬೇಕು," ಎಂದರು ಅವರು. "ಆದ್ರೆ ಗುಳಿಗೆ ಸೋಲ್ತು ಅನ್ನಾಕೆ, ನೀವು ಅದಕ್ಕೆ ಕೆಲಸ ಮಾಡಾಕೇ ಬಿಟ್ಟಿಲ್ಲ. ಎರಡು ತಿಂಗಳು ಸರಿಯಾಗಿ ತಗಳ್ರಿ. ಹೊತ್ತಿಗೆ ಉಣ್ರಿ, ಉಂಡ ತಕ್ಷಣ ಮಲಗಬ್ಯಾಡ್ರಿ. ಆಮೇಲೂ ಉರಿದ್ರೆ ಆಪರೇಷನ್ ಮಾತು. ದಾವಣಗೆರೆ ಡಾಕ್ಟರಿಗೂ ಇದನ್ನ ಹೇಳ್ರಿ."

"ಅಲ್ಲೀತನಕ ಒಲೆ ಬಿಡ್ಲಿ, ಅಲ್ವಾ ಮೇಡಂ?" ಎಂದ ಶಾಹಿದ್.

ಅವರು ಬಾಯಿ ತೆರೆಯುವ ಮೊದಲೇ ಅವನ ಕೈಯಿಂದ ಫೋನ್ ಕಿತ್ತುಕೊಂಡೆ. ಕುರ್ಚಿಯಿಂದ ಏಳದೆ ಅಲ್ಲಿಂದಲೇ ಇಮಾಮ್‌ಸಾಬರಿಗೆ ಹೇಳಿದೆ: "ಜಹಾನಾರಾ ಬರ್ತಾಳೆ. ಬಿರಿಯಾನಿ ದೇಗು ತೊಳಿಸಿಡ್ರಿ."

ಮದುವೆಯ ದಿನ ಬಿರಿಯಾನಿಯ ದೊಡ್ಡ ದೇಗಿನ ಬಾಯಿಗೆ ಹಿಟ್ಟು ಮೆತ್ತಿ, ಒಳಗಿನ ಹಬೆಯಲ್ಲೇ ಬೇಯಲೆಂದು ದಮ್ಮಿಗೆ ಬಿಟ್ಟೆ. ಪೆಂಡಾಲಿನಲ್ಲಿ ನೆಂಟರು ಕೂತಾಗಿತ್ತು. ನಾನೂ ಒಂದು ಕುರ್ಚಿ ಎಳೆದು, ಖಾರವಿಲ್ಲದೆ ಬೇರೆ ತೆಗೆದಿಟ್ಟಿದ್ದ ಬೇಳೆ, ಅನ್ನ ತಟ್ಟೆಗೆ ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ಕೂತೆ.

ಇಮಾಮ್‌ಸಾಬ್ ಬಂದರು. "ಏನ್ ಜಹಾನಾರಾಬಿ, ನೆಂಟರಿಗೆ ಇನ್ನೂ ಹಾಕಿಲ್ಲ, ನೀವು ಕುಂತುಬಿಟ್ರಲ್ಲ?"

ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ತಟ್ಟೆ ಮಾತ್ರ ಕೆಳಗಿಡಲಿಲ್ಲ.

"ಇಷ್ಟು ವರ್ಷ ಊರೆಲ್ಲ ಉಂಡ ಮೇಲೆ ಉಂಡೀನಿ. ಅದಕ್ಕೇ ಒಳಗೆ ಸುಟ್ಕಂಡೀನಿ. ದಮ್ ಬಿಚ್ಚಾಕೆ ಇನ್ನೂ ಹೊತ್ತೈತೆ. ಇವತ್ತು ಉಂಡೇ ಬಡಸ್ತೀನಿ."

ಅವರು ಶಾಹಿದ್ ಕಡೆ ತಿರುಗಿದರು. ಇವನು ನನ್ನ ಪರವಾಗಿ ಕ್ಷಮೆ ಕೇಳುತ್ತಾನೆ, ಮರ್ಯಾದೆ ಹೋಯಿತು ಎಂದುಕೊಂಡೆ. ಅವನು ಒಂದು ಲೋಟ ನೀರು ತಂದು ನನ್ನ ಪಕ್ಕ ಇಟ್ಟ.

"ಅಮ್ಮಿದು ಮುಗೀಲಿ ಚಾಚಾ," ಎಂದ.

ಅವಸರ ಮಾಡದೆ ಅಗಿದು ಉಂಡೆ. ನಾನು ಕೈ ತೊಳೆದು ದೇಗಿನ ಮುಚ್ಚಳ ತೆಗೆಯುವವರೆಗೆ ಗೋವಿನಕೋವಿಯ ನೆಂಟರೆಲ್ಲ ಕಾದರು.