ಇಲ್ಲದ ಕಾರಿಗೆ ಇನ್ಶೂರೆನ್ಸ್

ಓಪಲ್ ಸ್ಟಾಲ್‌ಕಪ್ ತನ್ನ ಲೈಸೆನ್ಸ್ ಕಳೆದುಕೊಂಡದ್ದು ಒಂದು ಜೇನುಹುಳುವಿನ ದೆಸೆಯಿಂದ. ಪಕ್ಕದ ಮನೆಯ ಡೆಲ್ಬರ್ಟ್ ನಲವತ್ತು ವರ್ಷದಿಂದ ಜೇನು ಸಾಕುತ್ತಿದ್ದವನು. ಎಷ್ಟು ಸಲ ಕಚ್ಚಿಸಿಕೊಂಡರೂ ಒರೆಸಿಕೊಂಡು ಹೋಗುತ್ತಿದ್ದ. ಆ ಜೂನ್ ತಿಂಗಳ ಶನಿವಾರ ಮಾತ್ರ ಒಂದೇ ಹುಳು ಕತ್ತಿಗೆ ಕಚ್ಚಿ, ಮುಖವೆಲ್ಲ ಊದಿ, ಉಸಿರು ಸಿಕ್ಕದೆ ಓಪಲ್ ಮನೆಯ ಮೆಟ್ಟಿಲ ಮೇಲೆ ಬಂದು ಕುಸಿದ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಬೇಕೆಂದರು. ಓಝಾರ್ಕ್ ಬೆಟ್ಟದ ಆ ಮೂಲೆಗೆ ಅದೇ ಬೇಗ.

ಓಪಲ್ ಗಂಡ ರಾಯ್ಸ್ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಮನೆಯ ಪಿಕಪ್ಪಿನ ಇನ್ಶೂರೆನ್ಸ್ ಅವನ ಹೆಸರಿನಲ್ಲಿತ್ತು, ಮುಗಿದು ಒಂಬತ್ತು ದಿನವಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಸೋಮವಾರ ನೋಡಿದರಾಯಿತೆಂದು ಕಾಗದವನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಡೆಲ್ಬರ್ಟ್‌ನನ್ನು ಎಳೆದು ಪಿಕಪ್ಪಿಗೆ ಹಾಕಿಕೊಂಡು, ಹದಿನೆಂಟು ಮೈಲಿಯ ತಿರುವುಗಳನ್ನು ಹದಿನೇಳು ನಿಮಿಷದಲ್ಲಿ ದಾಟಿದಳು. ಆಸ್ಪತ್ರೆ ಬಾಗಿಲಲ್ಲಿ ಬ್ರೇಕು ಹಿಡಿಯಲಿಲ್ಲ. ಪಿಕಪ್ ಕಾಂಕ್ರೀಟ್ ಕಂಬಕ್ಕೆ ಬಡಿದು ಮೂತಿ ಚಪ್ಪಟೆಯಾಯಿತು. ಡೆಲ್ಬರ್ಟ್ ಬದುಕಿದ. ಪೊಲೀಸ್ ಬಂದ.

ಕೋರ್ಟಿನಲ್ಲಿ ನ್ಯಾಯಾಧೀಶರು ಒರಟು ಮನುಷ್ಯರೇನಲ್ಲ. "ನೋಡಿ ಸ್ಟಾಲ್‌ಕಪ್ ಅವರೇ, ಇನ್ನೊಂದ್ಸಲ ಹೀಗೆ ಮಾಡಲ್ಲ ಅಂತ ಒಂದು ಮಾತು ಹೇಳಿಬಿಡಿ, ಸ್ವಲ್ಪ ಹಗುರ ಮಾಡೋಣ" ಎಂದರು.

"ಇನ್ಶೂರೆನ್ಸ್ ಕಟ್ಟದೆ ಇದ್ದದ್ದು ನನ್ನ ತಪ್ಪು, ಒಪ್ಕೋತೀನಿ. ಓಡಿಸಿದ್ದು ತಪ್ಪಲ್ಲ. ನಾಳೆ ಅವನು ಮತ್ತೆ ನನ್ನ ಮೆಟ್ಟಿಲ ಮೇಲೆ ಬಿದ್ರೆ, ನಾಳೇನೂ ಓಡಿಸ್ತೀನಿ."

ಲೈಸೆನ್ಸ್ ತೊಂಬತ್ತು ದಿನಕ್ಕೆ ಅಮಾನತಾಯಿತು. ಅವಧಿ ಮುಗಿದ ಮೇಲೂ ಅದು ತಾನಾಗಿ ವಾಪಸ್ ಬರುವಂಥದ್ದಲ್ಲ. ಇವಳಿಗೆ ಇನ್ಶೂರೆನ್ಸ್ ಇದೆ, ತಪ್ಪಿದರೆ ತಕ್ಷಣ ತಿಳಿಸುತ್ತೇವೆ ಎಂದು ಕಂಪನಿಯೊಂದು ಮೂರು ವರ್ಷ ಸರ್ಕಾರಕ್ಕೆ ಜಾಮೀನು ನಿಂತಂತೆ ಬರೆದು ಕಳಿಸಬೇಕು. ಎಸ್‌ಆರ್-22 ಎಂದು ಆ ಕಾಗದದ ಹೆಸರು.

ಓಪಲ್‌ಗೆ ಅರವತ್ತೊಂದು. ಹಾಸಿಗೆ ಹಿಡಿದವರ, ಹೊರಗೆ ಬರಲಾರದ ಮುದುಕರ ಮನೆಗೇ ಹೋಗಿ ಕೂದಲು ಕತ್ತರಿಸುವುದು ಅವಳ ಕಸುಬು. ಆ ಬೇಸಿಗೆಯೆಲ್ಲ ಕತ್ತರಿ, ಬಾಚಣಿಗೆಗಳ ಚೀಲವನ್ನು ಸೈಕಲ್ಲಿಗೆ ಕಟ್ಟಿ ಏರು ತುಳಿದಳು. ದೂರದ ಮನೆಗಳು ತಪ್ಪಿಹೋದವು. ಡೆಲ್ಬರ್ಟ್‌ಗೆ ನೋಡಲಾಗಲಿಲ್ಲ.

"ನನ್ನ ಟ್ರಕ್ ತಗೊಂಡು ಹೋಗು ಮಾರಾಯ್ತಿ. ಈ ಮಣ್ಣುರಸ್ತೇಲಿ ನಿನ್ನನ್ನ ಹಿಡಿಯೋರು ಯಾರು, ಜಿಂಕೆಗಳಾ?"

"ಕಳ್ಳಿ ಥರ ಓಡಿಸಲ್ಲ ಡೆಲ್ಬರ್ಟ್. ಶೆರಿಫ್ ಎದುರಿಗೆ ಬಂದ್ರೆ ಕೈ ಬೀಸಿ ಹೋಗೋ ಹಾಗಿರಬೇಕು."

ಸೆಪ್ಟೆಂಬರ್‌ನಲ್ಲಿ ಇನ್ಶೂರೆನ್ಸ್ ಏಜೆಂಟ್ ರಿಕಿಯ ಮುಂದೆ ಹೋಗಿ ಕೂತಳು. ಅವನು ಫಾರಂ ತಿರುಗಿಸಿ, "ಯಾವ ಕಾರು, ಮಿಸ್ ಓಪಲ್?" ಎಂದ.

"ಕಾರಿಲ್ಲ. ಇದ್ದ ಪಿಕಪ್ ಗುಜರಿಗೆ ಹೋಯ್ತು."

"ಪರವಾಗಿಲ್ಲ, ಸ್ವಂತ ಕಾರಿಲ್ಲದೋರಿಗೂ ಪಾಲಿಸಿ ಇದೆ. ಬೇರೆಯವರ ಗಾಡಿ ಓಡಿಸೋಕೆ. ಆದ್ರೆ ನೀವೀಗ ಹೈ ರಿಸ್ಕ್ ಡ್ರೈವರ್."

"ನಲವತ್ತೈದು ವರ್ಷದಲ್ಲಿ ಒಂದು ಕೋಳಿ ಕೂಡ ನನ್ನ ಚಕ್ರಕ್ಕೆ ಸಿಕ್ಕಿಲ್ಲ, ರಿಕಿ."

"ಕಂಪ್ಯೂಟರ್ ಹಾಗನ್ನುತ್ತೆ, ನಾನಲ್ಲ."

"ಹಾಗಾದ್ರೆ ಬರ್ಕೋ. ಇಲ್ಲದ ಕಾರಿಗೆ ಇನ್ಶೂರೆನ್ಸ್ ಮಾಡಿಸೋ ಅಪಾಯದ ಹೆಂಗಸು ನಾನು. ಕೊಡು ಪೆನ್ನು."

ಮುಂದಿನ ಗುರುವಾರ ಡೆಲ್ಬರ್ಟ್ ಅವಳನ್ನು ಲೈಸೆನ್ಸ್ ಕಚೇರಿಗೆ ಕರೆತಂದ. ಕೌಂಟರಿನ ಹುಡುಗಿ, ಮರ್ನಾ ಎಂದು ಎದೆಯ ಚೀಟಿಯಲ್ಲಿತ್ತು, ಪರದೆ ನೋಡಿ ತಲೆಯಾಡಿಸಿದಳು. "ಎಸ್‌ಆರ್-22 ಬಂದಿದೆ, ಮೇಡಂ. ಆದ್ರೆ ಹುಟ್ಟಿದ ವರ್ಷ ತಾಳೆ ಆಗ್ತಿಲ್ಲ. ನಮ್ಮಲ್ಲಿ ಅರವತ್ಮೂರು. ಇವರು ಮೂವತ್ತಾರು ಅಂತ ಕಳಿಸಿದ್ದಾರೆ."

"ಎಂಬತ್ತೆಂಟು ವರ್ಷದ ಮುದುಕಿ ಮಾಡಿದ್ನಾ ನನ್ನ, ಆ ರಿಕಿ!"

"ಕಂಪನಿಯವರೇ ತಿದ್ದಿ ಕಳಿಸಬೇಕು. ನಾನು ಮುಟ್ಟೋ ಹಾಗಿಲ್ಲ. ಮುಂದಿನ ವಾರ ಬನ್ನಿ."

"ಇವತ್ತು ಎಷ್ಟು ಗಂಟೆವರೆಗೆ ತೆರೆದಿರುತ್ತೆ?"

"ನಾಲ್ಕೂವರೆ. ಯಾಕೆ?"

"ಹಾಗಾದ್ರೆ ನಾಲ್ಕೂವರೆವರೆಗೆ ಇಲ್ಲೇ ಇರ್ತೀನಿ."

ಆಗಿನ್ನೂ ಹನ್ನೊಂದೂ ಆಗಿರಲಿಲ್ಲ. ಓಪಲ್ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ರಿಕಿಗೆ ಫೋನ್ ಮಾಡಿದಳು. ಮುಖ್ಯ ಕಚೇರಿಗೆ ಹೇಳಿದ್ದೇನೆ, ಎರಡು ದಿನ ಬೇಕು ಎಂದ. ಹನ್ನೆರಡಕ್ಕೆ ಮತ್ತೆ ಮಾಡಿದಳು. ಊಟಕ್ಕೆ ಹೋಗಿದ್ದಾನೆ ಎಂದರು. ಒಂದಕ್ಕೆ ಮಾಡಿದಾಗ ಸ್ಪೀಕರ್ ಹಾಕಿ ಫೋನನ್ನು ಮೇಲೆತ್ತಿ ಹಿಡಿದಳು. ಟೋಕನ್ ಹಿಡಿದು ಕಾಯುತ್ತಿದ್ದವರೆಲ್ಲ ತಿರುಗಿದರು.

"ಮಿಸ್ ಓಪಲ್, ಎರಡು ದಿನ ಅಂದ್ನಲ್ಲ..."

"ಎರಡು ಅಂಕಿ ತಿರುಗಿಸೋಕೆ ಎರಡು ದಿನ. ಪೂರ್ತಿ ವರ್ಷ ತಪ್ಪಾಗಿದ್ರೆ ನಾಲ್ಕು ದಿನ ಆಗ್ತಿತ್ತಾ?"

ಹಾಲ್‌ನಲ್ಲಿ ನಗೆ ಎದ್ದಿತು. "ಅಲ್ಲಿ ಯಾರು ನಗ್ತಿರೋದು?" ಎಂದ ರಿಕಿ ಗಾಬರಿಯಾಗಿ.

"ನಿನ್ನ ಮುಂದಿನ ಗಿರಾಕಿಗಳು. ನಾನು ಸೋಮವಾರಕ್ಕೆ ಅಂತ ಒಂದು ಕಾಗದ ಎತ್ತಿಟ್ಟದ್ದಕ್ಕೆ ಬೇಸಿಗೆಯೆಲ್ಲ ಸೈಕಲ್ ತುಳಿದೆ. ನೀನು ತಪ್ಪು ಬರೆದ್ರೆ ಅದಕ್ಕೂ ನಾನೇ ತುಳೀಬೇಕಾ? ನನ್ನ ಪಾಲಿನ ತಪ್ಪು ನಾನು ತೀರಿಸಿದ್ದೀನಿ. ನಿಂದು ನೀನು ತೀರಿಸು. ಫೋನ್ ಇಡಲ್ಲ, ಕಾಯ್ತೀನಿ."

ಫೋನಿನಲ್ಲಿ ಸಂಗೀತ ಶುರುವಾಯಿತು. ಆ ತಗಡಿನ ಸಂಗೀತವನ್ನು ಇಡೀ ಹಾಲ್ ಐವತ್ತು ನಿಮಿಷ ಕೇಳಿತು. ಕಾವಲುಗಾರ ಬಂದು, "ಸ್ವಲ್ಪ ಸೌಂಡ್ ಕಮ್ಮಿ ಮಾಡಿ, ಅಮ್ಮಾ" ಎಂದ. ಹಿಂದಿನ ಸಾಲಿನ ಲಾರಿ ಡ್ರೈವರ್ ಒಬ್ಬ, "ಇರಲಿ ಬಿಡಯ್ಯ, ನಮಗೂ ಏನಾಗುತ್ತೆ ನೋಡ್ಬೇಕು" ಎಂದ. ಯಾರೋ ಒಂದು ಡೋನಟ್ ತಂದುಕೊಟ್ಟರು. ಓಪಲ್ ತಿಂದಳು, ಕೈ ಒರೆಸಿಕೊಂಡಳು, ಕದಲಲಿಲ್ಲ. ರಾಯ್ಸ್ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾಚಿಕೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದ ಎನಿಸಿತು. ಆ ನೆನಪಿಗೆ ನಗು ಬಂತು.

ಎರಡು ಗಂಟೆ ಹೊತ್ತಿಗೆ ಕೌಂಟರಿನಿಂದ ಮರ್ನಾ ಕೂಗಿದಳು: "ಬಂತು! ಅರವತ್ಮೂರು!"

ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಓಪಲ್ ಫೋನಿಗೆ, "ಥ್ಯಾಂಕ್ಸ್ ರಿಕಿ, ಈಗ ಹೋಗಿ ನಿಧಾನವಾಗಿ ಊಟ ಮಾಡು" ಎಂದು ಹೇಳಿ ಇಟ್ಟಳು.

ಲೈಸೆನ್ಸಿನ ಕಾಗದ ಮುದ್ರಿಸುತ್ತ ಮರ್ನಾ ದನಿ ತಗ್ಗಿಸಿದಳು. "ಸುಮ್ಮನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಷ್ಟಕ್ಕೂ ಏನು ಮಾಡಿದ್ರಿ ನೀವು?"

ಓಪಲ್ ಗಾಜಿನ ಬಾಗಿಲಾಚೆ ಟ್ರಕ್ಕಿಗೆ ಒರಗಿ ನಿಂತಿದ್ದ ಡೆಲ್ಬರ್ಟ್‌ನನ್ನು ತೋರಿಸಿದಳು. "ಆ ಮನುಷ್ಯ ಅಲ್ಲಿ ನಿಂತಿದ್ದಾನಲ್ಲ, ಅದೇ."

ಹೊರಗೆ ಬಂದು ಡೆಲ್ಬರ್ಟ್ ಮುಂದೆ ಕೈ ಚಾಚಿದಳು. "ಕೀ ಕೊಡು."

"ನನ್ನ ಟ್ರಕ್ಕು ಕಣೇ!"

"ಬೇರೆಯವರ ಗಾಡಿ ಓಡಿಸೋಕೇ ಪಾಲಿಸಿ ಮಾಡಿಸಿರೋದು. ಕಣಿವೆ ರಸ್ತೇಲಿ ಮಿಸೆಸ್ ಟೀಗ್ ಕೂದಲು ಮೂರು ತಿಂಗಳಿಂದ ಹಾಗೇ ಬೆಳೆದಿದೆ. ಆಚೆ ಸರಿ."

ಡೆಲ್ಬರ್ಟ್ ಪಕ್ಕದ ಸೀಟಿಗೆ ಸರಿದು, ಬೆಲ್ಟನ್ನು ಎರಡು ಸಲ ಎಳೆದು ನೋಡಿದ. ಓಪಲ್ ಕನ್ನಡಿ ಸರಿಮಾಡಿಕೊಂಡು, ಕಚೇರಿಯ ಬಾಗಿಲ ಮುಂದೆಯೇ ಹಾಯ್ದು, ಹೆದ್ದಾರಿಗೆ ಇಳಿದಳು.