ಟೀಚರಮ್ಮನ ಆಂಪ್ಲಿಫೈಯರ್

ಟೀಚರಮ್ಮನ ತಮ್ಮ, ಹಡಗಿನಲ್ಲಿ ಅಡುಗೆ ಮಾಡುವವನು, ರಜೆಗೆ ಬಂದಾಗ, ಟ್ಯಾಕ್ಸಿಯಿಂದ ಅವನಿಗಿಂತ ಮೊದಲು ಇಳಿದದ್ದು ಒಂದು ಕಪ್ಪು ಪೆಟ್ಟಿಗೆ. ಗಿಟಾರ್ ಟೀಚರಮ್ಮ ಬಾಗಿಲಲ್ಲೇ ನಿಂತು ಅದೇನೆಂದು ಕಂಡುಹಿಡಿದರು. ಗಿಟಾರಿನ ಸದ್ದು ಹಿಗ್ಗಿಸುವ, ಗಾಜಿನ ವಾಲ್ವುಗಳ ಹಳೇ ಕಾಲದ ಆಂಪ್ಲಿಫೈಯರ್. ಊರ ಮಕ್ಕಳಿಗೆಲ್ಲ ಗಿಟಾರ್ ಕಲಿಸಿದ ಅವರು ಅಂಥದ್ದರಲ್ಲಿ ನುಡಿಸಿದ್ದು ಹರೆಯದಲ್ಲಿ ಒಂದೇ ಸಲ, ಅದೂ ಬಾಡಿಗೆಗೆ ತಂದದ್ದರಲ್ಲಿ.

"ಅಕ್ಕಾ, ತಡಿ, ಪ್ಲಗ್ ಹಾಕ್ಬಿಟ್ಟೀಯ," ಎಂದ ತಮ್ಮ. "ಇದನ್ನ ಕೊಂಡ ಕಡೆ ಕರೆಂಟು ನೂರಿಪ್ಪತ್ತು ವೋಲ್ಟು. ಇಲ್ಲಿ ಇನ್ನೂರ ಮೂವತ್ತು. ಹಾಕಿದ್ರೆ ಹೊಗೆನೇ."

ಟೀಚರಮ್ಮ ಗಂಡನ ಮುಖ ನೋಡಿದರು. ಜೀವಮಾನವಿಡೀ ರೇಡಿಯೋ ರಿಪೇರಿ ಮಾಡಿದ್ದ ಯಜಮಾನರು, ಕೈ ನಡುಗತೊಡಗಿದ ಮೇಲೆ ಹಿಂದಿನ ಕೋಣೆಯ ಕೆಲಸದ ಮೇಜಿಗೆ ಹಳೇ ಬೆಡ್‌ಶೀಟು ಹೊದಿಸಿಬಿಟ್ಟಿದ್ದರು. ಈಗ ಹೋಗಿ ಅದನ್ನು ಎಳೆದು ಮೂಲೆಗೆಸೆದರು.

ಪೆಟ್ಟಿಗೆ ಬಿಚ್ಚಿ, ವಾಲ್ವುಗಳನ್ನು ಕಿತ್ತು ಟವೆಲ್ಲಿನ ಮೇಲೆ ಮಲಗಿಸಿದರು. ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿಲ್ಲವೆಂದು ಮೀಟರಿನಲ್ಲಿ ನೋಡಿಕೊಂಡರು. ಆಮೇಲೆ ಟ್ರಾನ್ಸ್‌ಫಾರ್ಮರ್ ತಟ್ಟಿ, "ನಮ್ಮ ಪುಣ್ಯ ಕಣೇ. ಕರೆಂಟು ಬರೋ ಕಡೆ ಇದಕ್ಕೆ ಎರಡು ಸುರುಳಿ ಇದೆ. ಈಗ ಅಕ್ಕಪಕ್ಕ ನಿಂತಿವೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದ್ರೆ ನಮ್ಮ ವೋಲ್ಟೇಜನ್ನ ಅರ್ಧರ್ಧ ಹಂಚ್ಕೊಳ್ತವೆ," ಎಂದರು.

"ಹಾಗಾದ್ರೆ ಕಟ್ರೀ, ಯಾಕೆ ಕೂತ್ರಿ?"

ಅವರು ಕಾದ ಸಾಲ್ಡರಿಂಗ್ ಕಡ್ಡಿಯನ್ನು ಹೆಂಡತಿಯ ಕಡೆ ಚಾಚಿದರು. "ನೀನು ಹಿಡಿ. ನನ್ನ ಕೈ ಈಗ ತಾಳ ಹಾಕುತ್ತೆ."

ಮದುವೆಯಾದಂದಿನಿಂದ ಆ ಮೇಜಿನ ಸ್ಕ್ರೂ ಒಂದನ್ನೂ ಮುಟ್ಟಲು ಬಿಡದ ಮನುಷ್ಯ. ಟೀಚರಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತವರು, ಸೀಸ ಕರಗಿ ಬೆಳ್ಳಗೆ ಹೊಳೆಯುವ ಸೊಗಸಿಗೆ ಮರುಳಾಗಿ, ಯಜಮಾನರು "ಗುರುತು ಹಾಕ್ಕೋ" ಅನ್ನುವಷ್ಟರಲ್ಲಿ ಸುರುಳಿಗಳ ನಾಲ್ಕೂ ವೈರು ಕಿತ್ತುಬಿಟ್ಟಿದ್ದರು. ಬಣ್ಣ ಮಾಸಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

"ಹಾಳು ಮಾಡ್ಬಿಟ್ಟೆನೇನ್ರೀ?" ಎಂದು ಕಡ್ಡಿ ಕೆಳಗಿಟ್ಟರು.

ಬೈಗುಳ ಬರಲಿಲ್ಲ. ಬದಲಿಗೆ ಯಜಮಾನರು ಕುರ್ಚಿಯ ತುದಿಗೆ ಸರಿದರು. ಕಣ್ಣಲ್ಲಿ ಹಳೇ ಮಿಂಚು. "ಒಳ್ಳೇದೇ ಆಯ್ತು, ನನಗೂ ಸ್ವಲ್ಪ ಕೆಲಸ ಸಿಕ್ತು."

ಯಾವ ಎರಡು ತುದಿ ಒಂದೇ ಸುರುಳಿಯವು ಎಂಬುದನ್ನು ಮೀಟರು ಹೇಳಿತು. ತಲೆ ಯಾವುದು ಬಾಲ ಯಾವುದು ಎಂಬುದು ಮಾತ್ರ ಅದಕ್ಕೂ ಗೊತ್ತಿರಲಿಲ್ಲ. ಟೀಚರಮ್ಮ ಒಂದು ಊಹೆಯ ಮೇಲೆ ಬೆಸುಗೆ ಹಾಕಿದರು. ದೊಡ್ಡ ಫ್ಯೂಸು ತೆಗೆದು ಅದರರ್ಧ ತಡೆಯುವ ಫ್ಯೂಸು ಕೂರಿಸಿದರು. ಯಜಮಾನರು ಕರೆಂಟಿನ ದಾರಿಯಲ್ಲಿ ಒಂದು ಹಳೇ ಬಲ್ಬು ಸಿಕ್ಕಿಸಿ, "ಇದು ಕಾವಲುಗಾರ. ಸರಿಯಿದ್ರೆ ಮಂಕಾಗುತ್ತೆ, ತಪ್ಪಿದ್ರೆ ಉರಿಯುತ್ತೆ," ಎಂದು ಬಿಡಿಸಿ ಹೇಳಿದರು.

ತಮ್ಮ ದೂರ ನಿಂತು ಸ್ವಿಚ್ ಒತ್ತಿದ. ಬಲ್ಬು ಕೋಣೆಯೆಲ್ಲ ಬೆಳಗುವಂತೆ ಉರಿಯಿತು.

"ಆರ್ಸು," ಎಂದರು ಯಜಮಾನರು, ಖುಷಿಯಿಂದಲೇ. "ತಲೆಗೆ ತಲೆ ಕಟ್ಟಿದೀವಿ, ಎರಡೂ ಗುದ್ದಾಡ್ತಿವೆ. ಪ್ಲಗ್ ಕಿತ್ತು, ಒಂದನ್ನ ತಿರುಗಿಸೇ."

ಟೀಚರಮ್ಮ ತಿರುಗಿಸಿದರು. ಬೆಸುಗೆ ಆರಿದ ಮೇಲೆ ತಮ್ಮ ಮತ್ತೆ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಈ ಸಲ ಬಲ್ಬು ಒಮ್ಮೆ ಕಣ್ಣು ಬಿಟ್ಟು, ನಿದ್ದೆಗೆ ಜಾರಿದಂತೆ ಮಂಕಾಯಿತು. ಮೀಟರಿನ ಲೆಕ್ಕವೂ ಸರಿಬಂತು. ವಾಲ್ವುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋದವು, ಪೆಟ್ಟಿಗೆ ಮುಚ್ಚಿದರು, ಬಲ್ಬು ತೆಗೆದು ನೇರವಾಗಿ ಗೋಡೆಗೇ ಪ್ಲಗ್ ಹಾಕಿದರು. ಹಿಂದಿನ ಜಾಲರಿಯೊಳಗೆ ವಾಲ್ವುಗಳು ಸಣ್ಣ ಸಣ್ಣ ಕೆಂಡಗಳಂತೆ ಹೊತ್ತಿಕೊಂಡವು.

ಟೀಚರಮ್ಮ ಎಲೆಕ್ಟ್ರಿಕ್ ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ ಒಂದು ತಂತಿ ಮೀಟಿದರು. ದಪ್ಪ, ಬೆಚ್ಚಗಿನ, ಅಂಚಿನಲ್ಲಿ ಚೂರು ಹರಿದ ಸ್ವರ ಕೋಣೆ ತುಂಬಿತು. ಕಿಟಕಿಯ ಗಾಜು ಗುನುಗಿತು. ಕಣ್ಣು ತುಂಬಿ ಬಂದರೂ ಕೈ ನಿಲ್ಲಲಿಲ್ಲ. ಹರೆಯದಲ್ಲಿ ಆ ಒಂದು ಸಲ ವೇದಿಕೆಯ ಮೇಲೆ ನುಡಿಸಿದ್ದನ್ನೆಲ್ಲ ಬೆರಳುಗಳು ತಾವಾಗಿಯೇ ಹುಡುಕಿಕೊಂಡು ಹೋದವು.

ಮೇಲಿನ ಮನೆಯ ದರ್ಜಿ ಮೆಟ್ಟಿಲಿಳಿದು ಬಂದ. ಜಗಳಕ್ಕೇ ಬಂದನೆಂದು ತಮ್ಮ ಬಾಗಿಲಿಗೆ ಅಡ್ಡ ನಿಂತ.

"ಸ್ವಲ್ಪ ಸರೀರಿ," ಎಂದ ದರ್ಜಿ. "ಮೇಲೆ ಬರೀ ದಪ್ಪ ಸ್ವರ ಕೇಳ್ತಿದೆ, ಹಾಡು ಗೊತ್ತಾಗ್ತಿಲ್ಲ."

ಯಜಮಾನರು ನಡುಗುವ ಕೈಯಿಂದಲೇ ಅವನಿಗೊಂದು ಕುರ್ಚಿ ಎಳೆದು, ಹೆಂಡತಿಯ ಕಡೆ ತಿರುಗಿದರು. "ಇನ್ನೊಂಚೂರು ಜೋರು ಮಾಡೇ."