ಅತ್ತೆಯ ಮೂಗು, ಮಾವನ ಬಾಣಲೆ

ಅಡುಗೆಯ ಹದವನ್ನು ದೇವರು ಒಬ್ಬೊಬ್ಬರಿಗೆ ಒಂದೊಂದು ಕಡೆ ಇಟ್ಟು ಕಳಿಸಿರುತ್ತಾನೆ. ಕೆಲವರಿಗೆ ನಾಲಿಗೆಯಲ್ಲಿ, ಕೆಲವರಿಗೆ ಕೈಯಲ್ಲಿ. ನಮ್ಮ ಮಾವನಿಗೆ ಇಟ್ಟಿದ್ದು ಮೂಗಿನಲ್ಲಿ.

ಮಾವ ಅಂದರೆ ನನ್ನ ಗಂಡನ ತಂದೆ. ಬೀದಿಯ ತಿರುವಿನಲ್ಲಿ ಅವರದೊಂದು ಇಸ್ತ್ರಿ ಅಂಗಡಿ. ಒಂದು ಮೇಜಿನ ಮುಂದೆ ಅವರು, ಇನ್ನೊಂದರ ಮುಂದೆ ಅತ್ತೆ. ಮದುವೆಯಾದ ಹೊಸದರಿಂದಲೂ ಇಬ್ಬರೂ ಅಕ್ಕಪಕ್ಕ ನಿಂತು ಊರಿನವರ ಬಟ್ಟೆಯ ಸುಕ್ಕು ತೆಗೆಯುತ್ತ ಬಂದವರು. ಎದುರು ಸಾಲಿನಲ್ಲಿ ಒಂದು ಚೀನೀ ಹೋಟೆಲು ಇತ್ತು. ಅಲ್ಲಿನ ಅಡುಗೆಯವರ ಬಿಳಿ ಕೋಟುಗಳೆಲ್ಲ ಇವರ ಅಂಗಡಿಗೇ ಬರುತ್ತಿದ್ದವು. ಇಸ್ತ್ರಿಯಾದ ಕೋಟು ಕೊಡಲು ಹಿಂಬಾಗಿಲಿಗೆ ಹೋದ ಮಾವ ಅಲ್ಲೇ ಗೋಡೆಗೊರಗಿ ನಿಂತುಬಿಡುತ್ತಿದ್ದರಂತೆ. "ಕೋಟು ಕೊಡೋಕೆ ಹೋದವರು ಅದನ್ನೇ ತೊಟ್ಕೊಂಡು ಅಲ್ಲೇ ಉಳಿದುಬಿಡ್ತಾರೇನೋ ಅನ್ಕೊಂಡಿದ್ದೆ" ಎಂದು ಅತ್ತೆ ಇವತ್ತಿಗೂ ಹಂಗಿಸುತ್ತಾರೆ.

ಹಾಗೆ ನಿಂತು ನೋಡಿ, ಮೂಸಿ ಕಲಿತ ವಿದ್ಯೆ ಅದು. ಭಾನುವಾರ ಬಂತೆಂದರೆ ನಮ್ಮ ಅಡುಗೆಮನೆ ಮಾವನದು. ಹಿಂದಿನ ದಿನದ ತಣ್ಣನೆಯ ಅನ್ನವನ್ನು ಒದ್ದೆ ಬೆರಳಿನಿಂದ ಅಗುಳಗುಳಾಗಿ ಬಿಡಿಸುವರು. ಎಲೆಕೋಸನ್ನು ದಾರದಷ್ಟು ಸಣ್ಣಗೆ ಹೆಚ್ಚುವರು. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯುವವರಲ್ಲ. ಕಾದ ಬಾಣಲೆಯ ಅಂಚಿಗೆ ಸುತ್ತಲೂ ಹರಿಸಿ, ಅದು ಚುರ್ ಎಂದು ಹೊಗೆಯಾಡಿದ ಮೇಲೆ ಅನ್ನವನ್ನು ಎಳೆದುಕೊಳ್ಳುವರು. ಮನೆಯ ಒಲೆಗೆ ಹೋಟೆಲಿನ ಉರಿ ಎಲ್ಲಿಂದ ಬರಬೇಕು? ಅದಕ್ಕೇ ಒಂದು ಸಲಕ್ಕೆ ಎರಡು ತಟ್ಟೆಗಾಗುವಷ್ಟು ಮಾತ್ರ. "ಬಾಣಲೆ ತುಂಬಿದರೆ ಅನ್ನ ಬೆವರುತ್ತಮ್ಮಾ, ಹುರಿಯೋದಿಲ್ಲ" ಎಂದು ನನಗೆ ಹೇಳುವರು. ಹುರಿದನ್ನ, ನೂಡಲ್ಸ್, ಎರಡು ಸಲ ಕರಿದು ಹುಳಿಸಿಹಿ ರಸದಲ್ಲಿ ಹೊರಳಿಸಿದ ಕೋಳಿ, ಒಂದರ ಹಿಂದೊಂದು ಮೇಜಿಗೆ ಬರುತ್ತಿದ್ದವು. ಅಷ್ಟೊತ್ತು ಅವರ ಮುಖದಲ್ಲಿ ಪೂಜೆಗೆ ಕುಳಿತವರ ಶಾಂತಿ. ನನ್ನ ಮಗಳು ಗುಬ್ಬಿ ಮೆಟ್ಟಿಲ ಕೆಳಗಿನಿಂದಲೇ ಕೂಗುವಳು, "ತಾತಾ, ಇವತ್ತು ನೂಡಲ್ಸು!"

ಕಳೆದ ಚಳಿಗಾಲದಲ್ಲಿ ಮಾವನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಅವರು ಯಾರಿಗೂ ಬಾಯಿಬಿಡಲಿಲ್ಲ. ಒಂದು ಭಾನುವಾರ ಪಾತ್ರೆಯ ನೀರು ಉಕ್ಕಿ ಒಲೆ ಆರಿದೆ. ಗ್ಯಾಸು ಹರಿಯುತ್ತಲೇ ಇದೆ. ಗಾಳಿ ಹೊರಹಾಕುವ ಫ್ಯಾನಿನ ಸದ್ದಿನಲ್ಲಿ ಅದರ ಸದ್ದೂ ಕೇಳಿಸಿಲ್ಲ. ಮಾವ ಬೆನ್ನು ತಿರುಗಿಸಿ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದಾರೆ. ನಮ್ಮವರು ಹೊರಗಿನಿಂದ ಬಂದವರೇ ಓಡಿಹೋಗಿ ಒಲೆಯ ಕಿವಿ ತಿರುಗಿಸಿ ಗ್ಯಾಸು ನಿಲ್ಲಿಸಿ ಕಿಟಕಿಗಳನ್ನೆಲ್ಲ ತೆರೆದರು.

"ಅಪ್ಪಾ, ನಿಮಗೆ ವಾಸನೆ ಬರಲಿಲ್ವಾ?"

ಮಾವ ಚಾಕು ಕೆಳಗಿಟ್ಟರು. "ಇಲ್ಲ ಕಣೋ. ಏನೂ ಬರಲ್ಲ."

ಯಾರೂ ಬಯ್ಯಲಿಲ್ಲ. ಬಾಣಲೆಯನ್ನು ಅವರೇ ತೊಳೆದು, ಒರೆಸಿ, ಅಟ್ಟದ ಮೇಲಿಟ್ಟರು. "ಮನೆಮಂದೀನೇ ಸುಡೋ ಅಡುಗೆ ನನಗೆ ಬೇಡ" ಎಂದರು. ವಾಸನೆ ತಿರುಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ವೈದ್ಯರು ಕೈಚೆಲ್ಲಿದರು.

ನಮಗೆ ಹೋದದ್ದು ಒಂದು ಹೊತ್ತಿನ ರುಚಿ. ಅವರಿಗೆ ಹೋದದ್ದು ಭಾನುವಾರವೇ. ರಜೆಯ ದಿನವೂ ಮುಚ್ಚಿದ ಅಂಗಡಿಯೊಳಗೆ ಹೋಗಿ ಕೂರತೊಡಗಿದರು. ಹೋಟೆಲಿನ ಪೊಟ್ಟಣ ತಂದು ಬಡಿಸಿದರೆ ಗೋಡೆ ನೋಡುತ್ತ ಅಗಿಯುವರು. ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ದೇವರ ಮುಂದೆ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದರು.

ಒಂದು ಭಾನುವಾರ ಅತ್ತೆ ದೀಪ ಹಚ್ಚಿ ಕೈಮುಗಿದು ಎದ್ದವರೇ ಸ್ಟೂಲು ಹತ್ತಿ ಬಾಣಲೆ ಇಳಿಸಿದರು. ಅದನ್ನು ಅವರು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏಳ್ರೀ. ಅನ್ನ ಬಿಡಿಸಿಟ್ಟಿದೀನಿ."

"ನಿನಗೆ ತಲೆಗಿಲೆ ಕೆಟ್ಟಿದೆಯಾ? ಮೂಗಿಲ್ಲದವನನ್ನ ಒಲೆ ಮುಂದೆ ನಿಲ್ಲಿಸ್ತೀಯಲ್ಲ."

"ನನಗಿದೆಯಲ್ಲ ಮೂಗು. ಇಷ್ಟು ವರ್ಷ ನೀವು ಮಾಡಿದ್ದರಲ್ಲೆಲ್ಲ ಅದನ್ನ ತೂರಿಸಿ ಬೈಸ್ಕೊಂಡಿಲ್ವಾ? ಇವತ್ತು ನೀವೇ ಹುರೀರಿ. ಒಲೆಯ ಕಿವಿ ನನ್ನ ಕೈಲಿರುತ್ತೆ."

ಮಾವ ಎದ್ದರು. ಮನಸ್ಸಿತ್ತೋ ಇಲ್ಲವೋ, ಅತ್ತೆಯ ದನಿಗೆ ಎದ್ದರು.

ಎಣ್ಣೆ ಕಾಯಿತು, ಬೆಳ್ಳುಳ್ಳಿ ಬಿತ್ತು.

"ವಾಸನೆ ಹೇಗಿದೆ?"

"ಬೆಳ್ಳುಳ್ಳಿ ವಾಸನೆ."

"ಬೆಳ್ಳುಳ್ಳಿ ಹಾಕಿದರೆ ಮಲ್ಲಿಗೆ ವಾಸನೆ ಬರುತ್ತಾ? ಹೇಗಿದೆ ಅಂತ ಹೇಳೇ!"

"ಚೆನ್ನಾಗಿದೆ ರೀ."

ಆ ಚೆನ್ನಾಗಿದೆ ಮುಗಿಯುವಷ್ಟರಲ್ಲಿ ಬೆಳ್ಳುಳ್ಳಿ ಕಪ್ಪಾಯಿತು. ಮಾವ ಒಂದು ಚೂರು ಬಾಯಿಗಿಟ್ಟುಕೊಂಡು ಉಗಿದರು. ಕಹಿ ಮಾತ್ರ ಅವರ ನಾಲಿಗೆಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಹೆಗಲ ಮೇಲಿನ ಬಟ್ಟೆ ತೆಗೆದು ಮೊಳೆಗೆ ಹಾಕಲು ತಿರುಗಿದರು. ಈ ಬಟ್ಟೆ ಮೊಳೆಗೆ ಹೋದರೆ ಮತ್ತೆ ಇಳಿಯುವುದಿಲ್ಲ ಎಂಬುದು ಬಾಗಿಲಲ್ಲಿ ನಿಂತಿದ್ದ ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅತ್ತೆ ಬಾಣಲೆ ಉಜ್ಜಿ ತೊಳೆದು, ಹೊಸ ಎಣ್ಣೆ, ಹೊಸ ಬೆಳ್ಳುಳ್ಳಿ ತಾವೇ ಹಾಕಿದರು. ಕಣ್ಣು ಮುಚ್ಚಿ ಬಾಣಲೆಯ ಮೇಲೆ ಬಾಗಿ ನಿಂತರು.

"ನೀರು ಚಿಮುಕಿಸಿದ ಹತ್ತಿ ಬಟ್ಟೆ" ಎಂದರು ಮೆಲ್ಲಗೆ. "ಇಸ್ತ್ರಿ ಪೆಟ್ಟಿಗೆ ಈಗ ತಾನೆ ಇಟ್ಟ ಹಾಗಿದೆ."

ಮಾವ ನಿಂತಲ್ಲೇ ನಿಂತರು.

"ಒದ್ದೆ ಹೋಯ್ತು. ಗಂಜಿ ಹಾಕಿದ ಕಾಲರಿನ ವಾಸನೆ ಶುರುವಾಯ್ತು ನೋಡಿ, ಬೆಚ್ಚಗೆ, ಸ್ವಲ್ಪ ಸಿಹಿ..."

ಮಾವನ ಮೂಗಿನ ಹೊಳ್ಳೆ ಅರಳಿತು. ಅಲ್ಲಿಗೆ ಏನೂ ಬರುತ್ತಿರಲಿಲ್ಲ. ಆದರೆ ಆ ಕಾಲರಿನ ವಾಸನೆ ಎಂದರೆ ಎಂಥದ್ದೆಂದು ಜಗತ್ತಿನಲ್ಲಿ ಇನ್ನೊಬ್ಬರು ಅವರಿಗೆ ಹೇಳಬೇಕಿರಲಿಲ್ಲ.

"ಇನ್ನೊಂದು ಉಸಿರು... ರೀ, ಪೆಟ್ಟಿಗೆ ಎತ್ರೀ!"

ಮಾವ ಬಟ್ಟೆಯನ್ನು ಮತ್ತೆ ಹೆಗಲಿಗೆಸೆದು ಒಂದೇ ಹೆಜ್ಜೆಗೆ ಒಲೆಯ ಹತ್ತಿರ ಬಂದು ಎಲೆಕೋಸು, ಕ್ಯಾರೆಟ್ಟು ಒಟ್ಟಿಗೆ ಸುರಿದರು. ಬಾಣಲೆ ಭೋರೆಂದಿತು. ಮೊಟ್ಟೆ ಬಿತ್ತು, ಅನ್ನ ಬಿತ್ತು. ಸದ್ದು ತೆಳುವಾಗಿ ಅಗುಳು ಚಟಪಟ ಅನ್ನುವುದನ್ನು ಅವರು ಕಿವಿ ಕೊಟ್ಟು ಕೇಳುತ್ತಿದ್ದರು. ಸೋಯಾ ಸಾಸು ಅಂಚಿನಲ್ಲಿ ಹರಿದಾಗ "ಉಣ್ಣೆ ಕೋಟು, ಬಿಸಿ ಹೆಚ್ಚು, ಸರಿಸಿ" ಎಂದು ಅತ್ತೆ ಕೂಗಿದರು. ಮಾವನ ಸೌಟು ಆ ಮಾತಿನ ಹಿಂದೆಯೇ ಓಡಿತು. ಒಬ್ಬರ ಮೂಗು, ಒಬ್ಬರ ಕೈ. ಎರಡು ದೇಹದಲ್ಲಿ ಒಬ್ಬನೇ ಅಡುಗೆಯವನನ್ನು ಇಡಲು ದೇವರಿಗೆ ಬರುತ್ತದೆಂದು ನಾನು ಅಂದು ಕಣ್ಣಾರೆ ಕಂಡೆ.

ಮೊದಲ ಬಾಣಲೆ ಮೇಜಿಗೆ ಬಂತು. ಎಲ್ಲರೂ ಒಂದೊಂದು ತುತ್ತು ಹಂಚಿಕೊಂಡೆವು. ನಮ್ಮವರು "ಸೂಪರ್ ಅಪ್ಪಾ" ಎಂದರು. ನಾನೂ ಅದನ್ನೇ ಹೇಳಿದೆ. ಗುಬ್ಬಿ ಮಾತಾಡದೆ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಮಾವ ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಅತ್ತೆಯನ್ನು ನೋಡುತ್ತಿದ್ದರು.

"ನಿಜ ಹೇಳು."

ಅತ್ತೆ ನಿಧಾನವಾಗಿ ಅಗಿದು ನುಂಗಿದರು.

"ಕೊನೆಗೆ ಹಾಕಿದಿರಲ್ಲ ಎಳ್ಳೆಣ್ಣೆ, ಅದು ಒಂದು ಹನಿ ಜಾಸ್ತಿ. ಬೇರೆ ಎಲ್ಲಾನೂ ಮುಚ್ಚಿಹಾಕಿದೆ."

ನಮ್ಮವರು ತಟ್ಟೆ ನೋಡತೊಡಗಿದರು. ಮಾವನ ಮುಖ ಕೆಂಪಾಯಿತು.

"ಜಾಸ್ತಿ ಆಗಿದ್ದರೆ ಅಲ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ? ಪಕ್ಕದಲ್ಲಿ ನಿಂತು ಏನು ಜಪ ಮಾಡ್ತಿದ್ದೆಯಾ? ಹೀಗಾ ನೋಡ್ಕೊಳ್ಳೋದು?"

ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ನಕ್ಕರೋ ಅತ್ತರೋ ತಿಳಿಯಲಿಲ್ಲ. ಮಾವ ಆಗಲೇ ಹೆಗಲ ಬಟ್ಟೆಯಿಂದ ಬಾಣಲೆಯ ಕಿವಿ ಹಿಡಿದು ಒಲೆಯತ್ತ ತಿರುಗಿದ್ದರು.

"ಕೂತೇ ಇದ್ದೀಯಲ್ಲ, ಬಾ! ನೂಡಲ್ಸ್ ಹಾಕ್ತೀನಿ."

"ಬಂದೆ ರೀ" ಎಂದು ಅತ್ತೆ ಕೈಯಲ್ಲಿದ್ದ ತುತ್ತನ್ನು ಗುಬ್ಬಿಯ ಬಾಯಿಗಿಟ್ಟು ಎದ್ದರು.